ಪ್ಯಾರಾದ ಮೊದಲ ಸಾಲು ಓದುಗರಿಂದ ಪ್ರಶ್ನೆ ಕೇಳಿಸಬೇಕು

ಪ್ರಬಂಧಗಳ ಕಟ್ಟು ಕೈಗೆ ಬಂದಾಗ ನಾನು ಮೊದಲ ಸಲಕ್ಕೆ ಪೂರ್ತಿ ಓದುವುದಿಲ್ಲ. ಪುಟದ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಪ್ರತಿ ಪ್ಯಾರಾದ ಮೊದಲ ಸಾಲಷ್ಟೇ ನೋಡುತ್ತಾ ಕೆಳಗೆ ಸರಿಯುತ್ತೇನೆ. 18 ವರ್ಷದಿಂದ ಬರವಣಿಗೆ ಕಲಿಸುತ್ತಿದ್ದೇನೆ, ಈ ಅಭ್ಯಾಸ ಬಿಟ್ಟಿಲ್ಲ. ಬರೆದವರ ತಲೆಯಲ್ಲಿ ಒಂದು ವಾದ ಕೂತಿದೆಯೋ, ಇಲ್ಲ ಓದಿದ್ದನ್ನೆಲ್ಲ ತಂದು ಸುರಿದಿದ್ದಾರೋ ಅನ್ನುವುದು ಆ ನಾಲ್ಕೈದು ಸಾಲುಗಳಲ್ಲೇ ಗೊತ್ತಾಗಿಬಿಡುತ್ತದೆ.

ಕಳೆದ ತಿಂಗಳು ಒಬ್ಬ ಹುಡುಗಿ ಪ್ರಬಂಧ ತಂದಳು. ಹೈಸ್ಕೂಲು ಬೆಳಗ್ಗೆ ತಡವಾಗಿ ಶುರುವಾಗಬೇಕೇ ಅನ್ನುವುದು ವಿಷಯ. ಪೀಠಿಕೆ ಚೆನ್ನಾಗಿತ್ತು. ಎಂಟೂವರೆಗೆ ಮೊದಲು ಪಾಠ ಶುರುವಾಗಬಾರದು ಅಂತ ತನ್ನ ನಿಲುವನ್ನು ಅಳುಕಿಲ್ಲದೆ ಹೇಳಿದ್ದಳು. ಉಪಸಂಹಾರವೂ ಸರಿಯಾಗಿಯೇ ಇತ್ತು. ನಡುವಿನ ನಾಲ್ಕು ಪ್ಯಾರಾಗಳ ಮೊದಲ ಸಾಲುಗಳು ಹೀಗಿದ್ದವು:

"ನಿದ್ದೆ ಮನುಷ್ಯನಿಗೆ ಬಹಳ ಮುಖ್ಯ."
"ಇಂದಿನ ಆಧುನಿಕ ಯುಗದಲ್ಲಿ ಎಲ್ಲರೂ ಮೊಬೈಲ್ ಬಳಸುತ್ತಾರೆ."
"ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಶಾಲೆಯ ಸಮಯ ಬದಲಾಯಿಸಲಾಯಿತು."
"ಪೋಷಕರ ಪಾತ್ರವೂ ಮಹತ್ವದ್ದು."

ಹಾಳೆ ಪಕ್ಕಕ್ಕಿಟ್ಟು ಕೇಳಿದೆ. "ಮೊದಲನೇ ಪ್ಯಾರಾದಲ್ಲಿ ಏನು ಹೇಳಬೇಕು ಅಂತಿದ್ದೆ?"

"ಮೇಡಂ, ನಮ್ಮ ವಯಸ್ಸಿನವರಿಗೆ ರಾತ್ರಿ ಬೇಗ ನಿದ್ದೆನೇ ಬರಲ್ಲ. ಎಲ್ಲರೂ ಸೋಮಾರಿಗಳು ಅಂತಾರೆ. ಸೋಮಾರಿತನ ಅಲ್ಲ ಅದು, ದೇಹನೇ ಹಾಗಿರುತ್ತೆ."

"ಇದನ್ನ ಯಾಕೆ ಬರೀಲಿಲ್ಲ?"

"ಬರೆದಿದೀನಲ್ಲ ಮೇಡಂ, ಒಳಗಿದೆ."

ಇಬ್ಬರೂ ಸೇರಿ ಒಳಗೆ ಹುಡುಕಿದೆವು. ಇರಲಿಲ್ಲ. ಮೆಲಟೋನಿನ್ ಅನ್ನುವ ಹಾರ್ಮೋನಿನ ಹೆಸರಿತ್ತು, 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುವ ಅಂಕಿ ಇತ್ತು. ಅವಳು ಒಂದೇ ಉಸಿರಿನಲ್ಲಿ ಹೇಳಿದ ಆ ಮಾತು ಮಾತ್ರ ಎಲ್ಲೂ ಇರಲಿಲ್ಲ. ಅದು ಅವಳ ತಲೆಯಲ್ಲೇ ಉಳಿದುಬಿಟ್ಟಿತ್ತು.

ಹಾಗೆ ತಲೆಯಲ್ಲೇ ಉಳಿದುಬಿಡುವ ಮಾತನ್ನು ಪ್ಯಾರಾದ ಬಾಗಿಲಿಗೆ ತಂದು ನಿಲ್ಲಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಹಾಗೆ ಬಾಗಿಲಲ್ಲಿ ನಿಂತ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಟಾಪಿಕ್ ಸೆಂಟೆನ್ಸ್ ಅನ್ನುತ್ತಾರೆ. ತರಗತಿಯಲ್ಲಿ ನಾನು ಮುಖ್ಯ ವಾಕ್ಯ ಅನ್ನುತ್ತೇನೆ, ಇಲ್ಲೂ ಹಾಗೇ ಅನ್ನುತ್ತೇನೆ.

ವಿಷಯ ಬೇರೆ, ಮಾತು ಬೇರೆ

ಮುಖ್ಯ ವಾಕ್ಯದಲ್ಲಿ ಎರಡು ಇರಬೇಕು. ಯಾವುದರ ಬಗ್ಗೆ ಹೇಳುತ್ತಿದ್ದೀರಿ ಅನ್ನುವುದು ಒಂದು. ಅದರ ಬಗ್ಗೆ ಏನು ಹೇಳುತ್ತಿದ್ದೀರಿ ಅನ್ನುವುದು ಇನ್ನೊಂದು. ಮೊದಲನೆಯದು ಎಲ್ಲರ ಬರವಣಿಗೆಯಲ್ಲೂ ಇರುತ್ತದೆ. ಎಡವುವುದು ಎರಡನೆಯದರಲ್ಲಿ.

ಪದವಿಯ ಎರಡನೇ ವರ್ಷದಲ್ಲಿ ನಾನೂ ಇದರಲ್ಲೇ ಎಡವಿದೆ. ಏಳು ಪ್ಯಾರಾಗಳ ಪ್ರಬಂಧ, ವಾರಗಟ್ಟಲೆ ಓದಿ ಬರೆದಿದ್ದೆ. ಮೇಷ್ಟ್ರು ವಾಪಸ್ ಕೊಟ್ಟಾಗ ಒಂದು ತಪ್ಪನ್ನೂ ತಿದ್ದಿರಲಿಲ್ಲ. ಪ್ರತಿ ಪ್ಯಾರಾದ ಪಕ್ಕ, ಅಂಚಿನಲ್ಲಿ, ಪೆನ್ಸಿಲ್‌ನಿಂದ ಒಂದೇ ಪದ ಬರೆದಿದ್ದರು: "ಅದಕ್ಕೆ?" ಏಳು ಪ್ಯಾರಾ, ಏಳು "ಅದಕ್ಕೆ?" ಆವತ್ತು ಅಳು ಬಂದಿತ್ತು. ರಾತ್ರಿ ಕೂತು ಒಂದೊಂದು ಪ್ರಶ್ನೆಗೂ ಒಂದೊಂದು ಸಾಲಿನ ಉತ್ತರ ಬರೆದೆ. ಬೆಳಗಾಗುವ ಹೊತ್ತಿಗೆ ನೋಡಿದರೆ ಆ ಏಳು ಉತ್ತರಗಳೇ ನನ್ನ ಪ್ರಬಂಧವಾಗಿದ್ದವು. ಉಳಿದದ್ದೆಲ್ಲ ಅವಕ್ಕೆ ಆಧಾರ. ಉತ್ತರಗಳನ್ನು ಪ್ಯಾರಾಗಳ ತಲೆಗೆ ತಂದಿಟ್ಟೆ, ಹೊಂದದ ಸಾಲುಗಳನ್ನು ಹೊಡೆದುಹಾಕಿದೆ. ಹೊಸದಾಗಿ ಏನೂ ಓದಬೇಕಾಗಲಿಲ್ಲ.

ಹಾಗಾಗಿ ಇವತ್ತಿಗೂ ನನಗೆ ಮುಖ್ಯ ವಾಕ್ಯ ಪರೀಕ್ಷಿಸುವ ದಾರಿ ಒಂದೇ. ವಾಕ್ಯ ಓದಿದ ತಕ್ಷಣ ಎದುರಿಗಿರುವವರು ಏನು ಕೇಳುತ್ತಾರೆ? "ಹೌದಾ? ಹೇಗೆ?" ಅಂದರೆ, ಅಥವಾ "ಯಾಕೆ ಹಾಗೆ?" ಅಂದರೆ, ವಾಕ್ಯ ಕೆಲಸ ಮಾಡುತ್ತಿದೆ. ಪ್ಯಾರಾದ ಉಳಿದ ಸಾಲುಗಳು ಆ ಪ್ರಶ್ನೆಗೆ ಉತ್ತರ ಕೊಡುತ್ತವೆ. "ಅದಕ್ಕೆ?" ಅಂದರೆ ವಾಕ್ಯ ಇನ್ನೂ ಏನನ್ನೂ ಹೇಳಿಲ್ಲ. "ಗೊತ್ತು ಬಿಡಿ" ಅಂದರೂ ಅಷ್ಟೇ.

"ನಿದ್ದೆ ಮನುಷ್ಯನಿಗೆ ಬಹಳ ಮುಖ್ಯ." ಇದಕ್ಕೆ ಯಾರು ಪ್ರಶ್ನೆ ಕೇಳುತ್ತಾರೆ? ಯಾರೂ ಇಲ್ಲ. ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. "ಹದಿಹರೆಯದವರು ತಡವಾಗಿ ಮಲಗುವುದಕ್ಕೆ ಸೋಮಾರಿತನ ಕಾರಣವಲ್ಲ, ಅವರ ದೇಹದ ಗಡಿಯಾರವೇ ಕಾರಣ." ಇದಕ್ಕೆ ಪ್ರಶ್ನೆ ತಾನಾಗೇ ಬರುತ್ತದೆ. ಕೆಲವರು ಒಪ್ಪುವುದೂ ಇಲ್ಲ. ಒಪ್ಪದವರು ಒಬ್ಬರಾದರೂ ಇದ್ದಾರೆ ಅಂದರೆ ನಿಮಗೆ ಬರೆಯಲು ಕೆಲಸವಿದೆ ಅಂತ ಅರ್ಥ.

ಸಿಯಾಟಲ್‌ನ ಸಾಲು ಇನ್ನೊಂದು ಬಗೆಯ ತೊಂದರೆ. ಅದು ಬರೀ ಸಂಗತಿ. ಸಂಗತಿ ಪ್ಯಾರಾದ ಒಳಗಿರಬೇಕಾದ್ದು, ಬಾಗಿಲಲ್ಲಿ ನಿಂತರೆ ಓದುಗರಿಗೆ ಯಾಕೆ ಬಂತು ಅಂತ ತಿಳಿಯುವುದಿಲ್ಲ. "ಈಗ ನಿದ್ದೆಯ ಬಗ್ಗೆ ನೋಡೋಣ" ಅನ್ನುವಂಥ ಸಾಲುಗಳು ಬರೀ ತಲೆಬರಹಗಳು, ಅವುಗಳನ್ನು ಹೊಡೆದುಹಾಕಿ. "ತಡವಾಗಿ ಶುರು ಮಾಡಿದರೆ ನಿದ್ದೆ ಹೆಚ್ಚುತ್ತದೆ ಮತ್ತು ಪೋಷಕರ ಅಡಚಣೆಯನ್ನೂ ನೀಗಿಸಬಹುದು" ಅನ್ನುವುದು ಎರಡು ತಲೆಯ ವಾಕ್ಯ. "ಮತ್ತು" ಇದ್ದ ಜಾಗದಲ್ಲಿ ಕತ್ತರಿಸಿ, ಎರಡು ಪ್ಯಾರಾ ಮಾಡಿ.

ಬರೆಯುವ ಮೊದಲು ಬಾಯಲ್ಲಿ ಹೇಳಿ

ಮುಖ್ಯ ವಾಕ್ಯ ಹುಟ್ಟುವುದು ಬಾಯಲ್ಲಿ. ಪೆನ್ನು ಹಿಡಿದ ಕೂಡಲೇ "ಮಹತ್ವದ ಪಾತ್ರ ವಹಿಸುತ್ತದೆ", "ಅತ್ಯಂತ ಅವಶ್ಯಕವಾಗಿದೆ" ಅನ್ನುವ ಸಿದ್ಧ ಸಾಲುಗಳು ಓಡಿ ಬರುತ್ತವೆ. ಮಾತಾಡುವಾಗ ಯಾರೂ ಹಾಗೆ ಹೇಳುವುದಿಲ್ಲ, ಅಲ್ವಾ? ಆದ್ದರಿಂದ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ. ಯಾರೂ ಇಲ್ಲದಿದ್ದರೆ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ. "ಈ ಪ್ಯಾರಾದಲ್ಲಿ ನಾನು ಹೇಳಬೇಕು ಅಂತಿರೋದು ಏನು ಅಂದ್ರೆ..." ಅಂತ ಶುರು ಮಾಡಿ ವಾಕ್ಯ ಮುಗಿಸಿ. "ಅಂದ್ರೆ" ಆದ ಮೇಲೆ ಬಂದದ್ದನ್ನು ಬರೆದುಕೊಳ್ಳಿ. ಕ್ರಿಯಾಪದವನ್ನು ಬರವಣಿಗೆಗೆ ತಕ್ಕ ಹಾಗೆ ತಿದ್ದಿದರೆ ಸಾಕು, ಮುಖ್ಯ ವಾಕ್ಯ ಬಹುಪಾಲು ಸಿದ್ಧ.

ಆ ಹುಡುಗಿಯ ನಾಲ್ಕೂ ಪ್ಯಾರಾಗಳಿಗೆ ಹೀಗೇ ಮಾಡಿದೆವು. ಮೊಬೈಲ್ ಪ್ಯಾರಾಕ್ಕೆ ಬಂದಾಗ "ಅಂದ್ರೆ" ಅಂದವಳು ನಿಂತುಬಿಟ್ಟಳು. ಸ್ವಲ್ಪ ಹೊತ್ತು ಯೋಚಿಸಿ, "ಮೇಡಂ, ಇದರಲ್ಲಿ ನನಗೆ ಹೇಳೋಕೆ ಏನೂ ಇಲ್ಲ. ಸುಮ್ನೆ ಹಾಕಿದ್ದೆ" ಅಂದಳು. ಪ್ಯಾರಾ ಹೋಯಿತು. ಹೇಳಲು ಮಾತೇ ಇಲ್ಲದ ಪ್ಯಾರಾವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಒಂದು ಪ್ಯಾರಾ ಬಿಚ್ಚಿ ನೋಡೋಣ

ಅವಳ ಮೊದಲ ಪ್ಯಾರಾ ಮೂಲದಲ್ಲಿ ಹೀಗಿತ್ತು:

"ನಿದ್ದೆ ಮನುಷ್ಯನಿಗೆ ಬಹಳ ಮುಖ್ಯ. ನಿದ್ದೆ ಇಲ್ಲದಿದ್ದರೆ ಆರೋಗ್ಯ ಕೆಡುತ್ತದೆ. ಡಾಲ್ಫಿನ್‌ಗಳು ಅರ್ಧ ಮಿದುಳಿನಲ್ಲಿ ನಿದ್ದೆ ಮಾಡುತ್ತವೆ. ವಿಜ್ಞಾನಿಗಳು ಮೆಲಟೋನಿನ್ ಬಗ್ಗೆ ಸಂಶೋಧನೆ ಮಾಡಿದ್ದಾರೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆದ್ದರಿಂದ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಬೇಕು."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಓದಿ ಮುಗಿಸಿದಾಗ ಕೈಗೆ ಏನೂ ಹತ್ತುವುದಿಲ್ಲ. ಯಾಕೆ ಅಂತ ನೋಡಲು ಒಂದು ಒಳ್ಳೆಯ ಸಾಧನವಿದೆ. 1965ರಲ್ಲಿ ಫ್ರಾನ್ಸಿಸ್ ಕ್ರಿಸ್ಟೆನ್ಸನ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು ಪ್ಯಾರಾದ ವಾಕ್ಯಗಳಿಗೆ ಅಂಕಿ ಕೊಟ್ಟು ನೋಡುವ ದಾರಿ ತೋರಿಸಿದರು. ಮುಖ್ಯ ವಾಕ್ಯಕ್ಕೆ 1. ಅದನ್ನು ನೇರವಾಗಿ ವಿವರಿಸುವ ವಾಕ್ಯಕ್ಕೆ 2. ಆ 2ನ್ನು ವಿವರಿಸುವ ವಾಕ್ಯಕ್ಕೆ 3. ಹೀಗೆ ಮೆಟ್ಟಿಲು ಇಳಿಯುತ್ತಾ ಹೋಗುವುದು. ಮೇಲಿನ ಪ್ಯಾರಾಕ್ಕೆ ಅಂಕಿ ಕೊಟ್ಟು ನೋಡಿ. ಎರಡನೇ ವಾಕ್ಯಕ್ಕೆ ಬೇಕಾದರೆ 2 ಕೊಡಬಹುದು. ಮಿಕ್ಕ ಎಲ್ಲಕ್ಕೂ 1 ಕೊಡಬೇಕಾಗುತ್ತದೆ. ಪ್ರತಿ ವಾಕ್ಯವೂ ಹೊಸದಾಗಿ ಶುರುವಾಗುತ್ತಿದೆ. ಹಿಂದಿನ ವಾಕ್ಯದ ಕೈ ಹಿಡಿಯುತ್ತಿಲ್ಲ.

ಈಗ ಅವಳೇ ಹೇಳಿದ ಮಾತನ್ನು ತಲೆಗೆ ತಂದೆವು. "ಹದಿಹರೆಯದವರು ತಡವಾಗಿ ಮಲಗುವುದಕ್ಕೆ ಸೋಮಾರಿತನ ಕಾರಣವಲ್ಲ, ಅವರ ದೇಹದ ಗಡಿಯಾರವೇ ಕಾರಣ." ನಾನು ಕೇಳಿದೆ: "ಹೌದಾ? ಹೇಗೆ?" ಅವಳು ಹೇಳಿದಳು, ಬರೆದಳು. ಅವಳು ಬರೆದದ್ದರ ಮೇಲೆ ಮತ್ತೆ ಕೇಳಿದೆ: "ಹಾಗಾದ್ರೆ ಏನಾಗುತ್ತೆ?" ಅವಳು ಬರೆದಳು. ಮೂರು ಸಲ ತಿದ್ದಿದ ಮೇಲೆ ನಿಂತ ರೂಪ ಇದು:

"ಹದಿಹರೆಯದವರು ತಡವಾಗಿ ಮಲಗುವುದಕ್ಕೆ ಸೋಮಾರಿತನ ಕಾರಣವಲ್ಲ, ಅವರ ದೇಹದ ಗಡಿಯಾರವೇ ಕಾರಣ. ರಾತ್ರಿಯಾಯಿತು ಅಂತ ದೇಹಕ್ಕೆ ಸುದ್ದಿ ಕೊಡುವುದು ಮೆಲಟೋನಿನ್ ಅನ್ನುವ ಹಾರ್ಮೋನು. ಚಿಕ್ಕ ಮಕ್ಕಳಿಗೆ ಹೋಲಿಸಿದರೆ ಹದಿಹರೆಯದವರಲ್ಲಿ ಇದು ತಡವಾಗಿ ಏರುತ್ತದೆ. ಹಾಗಾಗಿ ಹತ್ತು ವರ್ಷದ ತಮ್ಮ ಒಂಬತ್ತು ಗಂಟೆಗೆ ತೂಕಡಿಸುತ್ತಿದ್ದರೂ ಹದಿನಾರರ ಅಕ್ಕನಿಗೆ ಹನ್ನೊಂದರವರೆಗೂ ಕಣ್ಣು ಎಳೆಯದೆ ಇರಬಹುದು. ಮಲಗುವ ಹೊತ್ತು ಮುಂದೆ ಹೋದರೂ ಬೇಕಾದ ನಿದ್ದೆ ಕಡಿಮೆಯಾಗುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ಹನ್ನೊಂದಕ್ಕೆ ಮಲಗಿದವಳನ್ನು ಆರಕ್ಕೆ ಎಬ್ಬಿಸಿದರೆ ಸಿಗುವುದು 7 ಗಂಟೆ. 'ಬೇಗ ಮಲಗು' ಅನ್ನುವ ಮಾತಿನಿಂದ ಈ ಕೊರತೆ ತುಂಬುವುದಿಲ್ಲ."

ಅಂಕಿ ಕೊಡಿ. ಮೊದಲ ವಾಕ್ಯ 1. ಹಾರ್ಮೋನಿನ ಸುದ್ದಿ 2. ತಡವಾಗಿ ಏರುತ್ತದೆ ಅನ್ನುವುದು 3. ಅಕ್ಕ ತಮ್ಮ ಬಂದದ್ದು 4. ಅಲ್ಲಿಂದ ಮತ್ತೆ ಮೇಲೆ ಹತ್ತಿ, ಬೇಕಾದ ನಿದ್ದೆ ಕಡಿಮೆಯಾಗುವುದಿಲ್ಲ ಅನ್ನುವುದು 2. ತಜ್ಞರ ಅಂಕಿ 3. ಹನ್ನೊಂದರಿಂದ ಆರರ ಲೆಕ್ಕ 4. ಕೊನೆಯ ವಾಕ್ಯ 1ರ ಹತ್ತಿರಕ್ಕೆ ವಾಪಸ್ ಬಂದಿದೆ, ಆದರೆ ಅದನ್ನೇ ಮತ್ತೊಮ್ಮೆ ಹೇಳಿಲ್ಲ. ಒಂದು ಹೆಜ್ಜೆ ಮುಂದೆ ಇಟ್ಟಿದೆ.

ನನಗೆ ಈ ಪ್ಯಾರಾದಲ್ಲಿ ತುಂಬಾ ಇಷ್ಟವಾದದ್ದು ಅಕ್ಕ ತಮ್ಮಂದಿರ ವಾಕ್ಯ. ಹಾರ್ಮೋನು ಕಣ್ಣಿಗೆ ಕಾಣುವುದಿಲ್ಲ, ತೂಕಡಿಸುವ ತಮ್ಮ ಕಾಣುತ್ತಾನೆ. ಪ್ಯಾರಾ ಸೊರಗಿದೆ ಅಂತ ಅನ್ನಿಸಿದಾಗ ಹೆಚ್ಚಿನವರು ಇನ್ನೊಂದು ಹೊಸ ಕಾರಣ ಹುಡುಕಲು ಹೋಗುತ್ತಾರೆ. ಅಂದರೆ ಇನ್ನೊಂದು 2 ಸೇರಿಸುತ್ತಾರೆ. ಸಾಮಾನ್ಯವಾಗಿ ಕಾಣೆಯಾಗಿರುವುದು 3 ಮತ್ತು 4. ಇರುವ ಕಾರಣವನ್ನೇ ಬಿಡಿಸಿ ಹೇಳಿ, ಒಂದು ಚಿತ್ರ ಕೊಡಿ, ಒಂದು ಲೆಕ್ಕ ಮಾಡಿ ತೋರಿಸಿ. ಪ್ಯಾರಾ ಬೆಳೆಯುವುದು ಹಾಗೆ.

ಮುಖ್ಯ ವಾಕ್ಯ ಆಧಾರಕ್ಕಿಂತ ದೊಡ್ಡದಾಗಬಾರದು

ಮೊಬೈಲ್ ಪ್ಯಾರಾ ಹೋದ ಮೇಲೆ ಸಿಯಾಟಲ್ ಪ್ಯಾರಾ ಎರಡನೆಯದಾಯಿತು. ಅದಕ್ಕೆ ಅವಳು ಹೇಳಿದ ಮುಖ್ಯ ವಾಕ್ಯ: "ಶಾಲೆ ತಡವಾಗಿ ಶುರುವಾದರೆ ಎಲ್ಲಾ ಮಕ್ಕಳೂ ಜಾಸ್ತಿ ನಿದ್ದೆ ಮಾಡುತ್ತಾರೆ." ಕೇಳಲು ಗಟ್ಟಿಯಾಗಿದೆ. ಆಧಾರ ಏನಿದೆ ಅಂತ ನೋಡಿದೆವು. ಸಿಯಾಟಲ್‌ನಲ್ಲಿ 2016ರಲ್ಲಿ ಹೈಸ್ಕೂಲುಗಳ ಸಮಯ 7:50ರಿಂದ 8:45ಕ್ಕೆ ಹೋಯಿತು. ಸಂಶೋಧಕರು ಎರಡು ಶಾಲೆಗಳ ಮಕ್ಕಳ ಮಣಿಕಟ್ಟಿಗೆ ಚಲನೆ ದಾಖಲಿಸುವ ಸಾಧನ ಕಟ್ಟಿ ನಿದ್ದೆ ಅಳೆದರು. ಬದಲಾವಣೆಯ ನಂತರ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತ್ತು. 2018ರಲ್ಲಿ ಇದು ಪ್ರಕಟವಾಯಿತು. ಅಳೆದದ್ದು ಅವೇ ಮಕ್ಕಳನ್ನಲ್ಲ, ಒಂದು ವರ್ಷದ ತರಗತಿಯನ್ನು ಇನ್ನೊಂದು ವರ್ಷದ ತರಗತಿಯ ಜೊತೆ ಹೋಲಿಸಿದ್ದು.

ಒಳ್ಳೆಯ ಆಧಾರವೇ. ಆದರೆ "ಎಲ್ಲಾ ಮಕ್ಕಳೂ" ಅನ್ನುವ ಭಾರವನ್ನು ಎರಡು ಶಾಲೆ ಹೊರುವುದಿಲ್ಲ. ಓದುಗರು ಚುರುಕಾಗಿದ್ದರೆ ಇಲ್ಲೇ ಹಿಡಿದುಬಿಡುತ್ತಾರೆ, ಆಮೇಲೆ ಉಳಿದ ಪ್ರಬಂಧವನ್ನೂ ಅನುಮಾನದಿಂದಲೇ ಓದುತ್ತಾರೆ. ಆದ್ದರಿಂದ ವಾಕ್ಯವನ್ನು ಆಧಾರದ ಅಳತೆಗೆ ಕತ್ತರಿಸಿದೆವು: "ಮಲಗುವ ಹೊತ್ತನ್ನು ಬದಲಾಯಿಸಲು ಆಗದಿದ್ದರೂ ಏಳುವ ಹೊತ್ತನ್ನು ಬದಲಾಯಿಸಬಹುದು, ಮತ್ತು ಹಾಗೆ ಮಾಡಿದ ಒಂದು ನಗರದಲ್ಲಿ ಮಕ್ಕಳ ನಿದ್ದೆ ನಿಜಕ್ಕೂ ಹೆಚ್ಚಾಯಿತು." ಇಲ್ಲಿ "ಮತ್ತು" ಇದೆಯಲ್ಲ ಅಂತ ಕೇಳಬಹುದು. ಇದರ ಮೊದಲ ಅರ್ಧ ಹಿಂದಿನ ಪ್ಯಾರಾದಿಂದ ದಾಟಿಬರುವ ಸೇತುವೆ. ಹೊಸದಾಗಿ ಹೇಳುತ್ತಿರುವ ಮಾತು ಎರಡನೇ ಅರ್ಧ ಮಾತ್ರ. ಆ ಮಾತು ಸ್ವಲ್ಪ ಚಿಕ್ಕದಾಯಿತು, ಆದರೆ ಯಾರೂ ಅಲ್ಲಾಡಿಸಲಾಗದ ಹಾಗಾಯಿತು.

ಅಂಕಿ ಅಂಶ ಕೊಟ್ಟು ಓಡಿಹೋಗಬೇಡಿ ಅಂತಲೂ ಹೇಳಬೇಕು. 34 ನಿಮಿಷ ಅನ್ನುವುದು ತಾನಾಗಿ ಏನೂ ಹೇಳುವುದಿಲ್ಲ. ಅದರ ಪಕ್ಕ ನಿಂತು ಅರ್ಥ ಬಿಡಿಸಬೇಕು. ಅವಳು ಬರೆದದ್ದು: "ಶಾಲೆ 55 ನಿಮಿಷ ಮುಂದೆ ಹೋಯಿತು, ನಿದ್ದೆ 34 ನಿಮಿಷ ಜಾಸ್ತಿಯಾಯಿತು. ಅಂದರೆ ಸಿಕ್ಕ ಸಮಯದ ಅರ್ಧಕ್ಕಿಂತ ಹೆಚ್ಚು ಪಾಲು ನಿದ್ದೆಗೇ ಸಂದಿತು. ತಡವಾಗಿ ಶುರು ಮಾಡಿದರೆ ಮಕ್ಕಳು ಅಷ್ಟೇ ತಡವಾಗಿ ಮಲಗುತ್ತಾರೆ ಅನ್ನುವ ಭಯ ಇಲ್ಲಿ ನಿಜವಾಗಲಿಲ್ಲ." ಆ ಲೆಕ್ಕ ಯಾವ ಪುಸ್ತಕದಲ್ಲೂ ನೋಡಿದ್ದಲ್ಲ, ಅವಳೇ ಮಾಡಿದ್ದು. ಪ್ಯಾರಾದಲ್ಲಿ ಬರೆದವರು ಕಾಣುವುದು ಇಂಥ ಸಾಲುಗಳಲ್ಲಿ.

ಏ, ಊ, ಮತ್ತು ಕೊನೆಗೆ ಬರುವ ಕ್ರಿಯಾಪದ

ಕನ್ನಡದಲ್ಲಿ ಬರೆಯುವವರಿಗೆ ಇದು ಮುಖ್ಯ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಅನ್ನುವುದೂ ಅಲ್ಲೇ ತಿಳಿಯುವುದು. ಚಿಕ್ಕ ವಾಕ್ಯದಲ್ಲಿ ತೊಂದರೆಯಿಲ್ಲ. ಆದರೆ ಮುಖ್ಯ ವಾಕ್ಯಕ್ಕೆ ಎಲ್ಲವನ್ನೂ ತುರುಕಿದಾಗ ಹೀಗಾಗುತ್ತದೆ: "ಹದಿಹರೆಯದಲ್ಲಿ ದೇಹದಲ್ಲಿ ಅನೇಕ ಬದಲಾವಣೆಗಳಾಗುತ್ತಿದ್ದು, ಮೆಲಟೋನಿನ್ ತಡವಾಗಿ ಬಿಡುಗಡೆಯಾಗುವುದರಿಂದ, ರಾತ್ರಿ ಬೇಗ ನಿದ್ದೆ ಬಾರದೆ, ಬೆಳಗ್ಗೆ ಬೇಗ ಏಳಬೇಕಾಗಿ ಬಂದು, ನಿದ್ದೆ ಕಡಿಮೆಯಾಗುತ್ತದೆ." ಇಡೀ ಪ್ಯಾರಾ ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಮುಂದೆ ಬರೆಯಲು ಏನೂ ಉಳಿಯಲಿಲ್ಲ. ಓದುಗರು ಕೊನೆಯ ಪದದವರೆಗೂ ಉಸಿರು ಹಿಡಿದು ಕಾಯಬೇಕು. ಮುಖ್ಯ ವಾಕ್ಯದಲ್ಲಿ "ಇದ್ದು", "ಬಂದು", "ಬಾರದೆ" ಸಾಲಾಗಿ ಕಂಡರೆ ಅದನ್ನು ಒಡೆಯಿರಿ. ಕೊನೆಯಲ್ಲಿ ಅಡಗಿರುವ ಮಾತನ್ನು ಮೊದಲು ಹೇಳಿ, ಕಾರಣಗಳನ್ನು ಆಮೇಲೆ ಒಂದೊಂದಾಗಿ ಕೊಡಿ.

ನಮ್ಮ ಭಾಷೆ ಕೊಟ್ಟಿರುವ ಎರಡು ಪುಟ್ಟ ಅಕ್ಷರಗಳನ್ನು ಮಾತ್ರ ಬಳಸದೆ ಬಿಡಬೇಡಿ. "ದೇಹದ ಗಡಿಯಾರ ಕಾರಣ" ಅಂದರೆ ಮಾಹಿತಿ. "ದೇಹದ ಗಡಿಯಾರವೇ ಕಾರಣ" ಅಂದರೆ ವಾದ. ಬೇರೆಯವರು ಬೇರೆ ಕಾರಣ ಹೇಳುತ್ತಾರೆ, ನಾನು ಇದನ್ನು ಹೇಳುತ್ತಿದ್ದೇನೆ ಅನ್ನುವುದೆಲ್ಲ ಆ ಒಂದು "ಏ"ಯಲ್ಲಿ ಬಂತು. ಒಂದು ಮುಖ್ಯ ವಾಕ್ಯಕ್ಕೆ ಒಂದೇ "ಏ" ಸಾಕು. ಎಲ್ಲಾ ಪದಕ್ಕೂ ಹಾಕಿದರೆ ಯಾವುದಕ್ಕೂ ಒತ್ತು ಉಳಿಯುವುದಿಲ್ಲ.

"ಊ" ಪ್ಯಾರಾಗಳನ್ನು ಬೆಸೆಯುವ ಅಕ್ಷರ, ಆದರೆ ಸೋಮಾರಿಗಳ ಆಸರೆಯೂ ಆಗಬಹುದು. "ಪೋಷಕರ ಪಾತ್ರವೂ ಮಹತ್ವದ್ದು" ಅನ್ನುವಾಗ ಅದು ಬರೀ "ಇನ್ನೊಂದು" ಅಂತ ಹೇಳುತ್ತಿದೆ. ಹಿಂದಿನದಕ್ಕೂ ಇದಕ್ಕೂ ಸಂಬಂಧ ಏನು ಅಂತ ಹೇಳುತ್ತಿಲ್ಲ. ಹಿಂದಿನ ಪ್ಯಾರಾದ ಕೊನೆಯ ವಾಕ್ಯದಿಂದ ಒಂದು ಪದ ಎತ್ತಿಕೊಂಡು ಮುಂದಿನ ಮುಖ್ಯ ವಾಕ್ಯ ಶುರು ಮಾಡುವುದು ಇದಕ್ಕಿಂತ ಒಳ್ಳೆಯ ಬೆಸುಗೆ. ಮೇಲೆ ಮೊದಲ ಪ್ಯಾರಾ "ಬೇಗ ಮಲಗು ಅನ್ನುವ ಮಾತಿನಿಂದ" ಅಂತ ಮುಗಿಯಿತು. ಎರಡನೆಯದು "ಮಲಗುವ ಹೊತ್ತನ್ನು ಬದಲಾಯಿಸಲು ಆಗದಿದ್ದರೂ" ಅಂತ ಶುರುವಾಯಿತು. "ಅಲ್ಲದೆ", "ಇದಲ್ಲದೆ", "ಅಷ್ಟೇ ಅಲ್ಲದೆ" ಯಾವುದೂ ಬೇಕಾಗಲಿಲ್ಲ.

"ಇದು" ಅಂತ ಪ್ಯಾರಾ ಶುರು ಮಾಡುವುದನ್ನೂ ಬಿಡಿ. "ಇದು ತುಂಬಾ ಅಪಾಯಕಾರಿ" ಅಂದರೆ ಯಾವುದು? "ಈ ಕೊರತೆ", "ಈ ಲೆಕ್ಕ" ಅಂತ ನಾಮಪದ ಸೇರಿಸಿ.

ಎದುರು ಮಾತಿನ ಪ್ಯಾರಾ

ಕೊನೆಯದು ಪೋಷಕರ ಪ್ಯಾರಾ. ಅವಳು ಹೇಳಬೇಕೆಂದಿದ್ದು ಏನೆಂದರೆ, ಶಾಲೆ ತಡವಾದರೆ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಕಷ್ಟ. ಇದು ಅವಳ ನಿಲುವಿಗೆ ವಿರುದ್ಧವಾದ ಮಾತು. ಬರೆದರೆ ತನ್ನ ವಾದ ಸೋಲುತ್ತದೆ ಅಂತ ಹೆದರಿ ಅರ್ಧಂಬರ್ಧ ಬರೆದಿದ್ದಳು.

ಎದುರು ಮಾತಿನ ಪ್ಯಾರಾದ ಮುಖ್ಯ ವಾಕ್ಯ ಎರಡು ಕಾಲಿನ ಮೇಲೆ ನಿಲ್ಲುತ್ತದೆ. ಮೊದಲ ಕಾಲಿನಲ್ಲಿ ಒಪ್ಪಿಕೊಳ್ಳಿ, ಎರಡನೆಯದರಲ್ಲಿ ನಿಮ್ಮ ಉತ್ತರ ಹೇಳಿ. "ಪೋಷಕರ ಕೆಲಸದ ಹೊತ್ತಿಗೆ ಹೊಂದುವುದಿಲ್ಲ ಅನ್ನುವುದು ನಿಜವಾದ ಅಡಚಣೆ, ಆದರೆ ಅದಕ್ಕೆ ಪಾಠವನ್ನು ಬೇಗ ಶುರು ಮಾಡಬೇಕಿಲ್ಲ, ಶಾಲೆಯ ಬಾಗಿಲನ್ನು ಬೇಗ ತೆರೆದರೆ ಸಾಕು." ಆಮೇಲೆ ಒಳಗೆ ಎದುರು ಮಾತಿಗೆ ಪ್ರಾಮಾಣಿಕವಾಗಿ ಎರಡು ಮೂರು ವಾಕ್ಯ ಕೊಡಿ. ಅವರ ಮಾತನ್ನು ಅವರೇ ಓದಿದರೂ "ಹೌದು, ನಾವು ಹೇಳೋದು ಇದೇ" ಅನ್ನಬೇಕು. ಎದುರಾಳಿಯ ಮಾತನ್ನು ಸಣ್ಣದು ಮಾಡಿ ಸೋಲಿಸಿದರೆ ಓದುಗರಿಗೆ ತಿಳಿಯುತ್ತದೆ. "ಕೆಲವರು ಹೇಳಬಹುದು, ಆದರೆ ಅದು ತಪ್ಪು" ಅಂತ ಒಂದೇ ಸಾಲಿನಲ್ಲಿ ಮುಗಿಸುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ಮೊದಲ ಸಾಲೇ ಆಗಬೇಕಾ?

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಪ್ಯಾರಾದ ವಿಷಯ ಮೊದಲ ವಾಕ್ಯದಲ್ಲೇ ಎದ್ದು ಕಾಣಬೇಕು ಅಂತ 1866ರಲ್ಲಿ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಅಲೆಕ್ಸಾಂಡರ್ ಬೇನ್ ನಿಯಮ ಬರೆದರು. ಆಮೇಲೆ ಬಂದ ಪಾಠಪುಸ್ತಕಗಳು ಅದನ್ನೇ ಹೇಳುತ್ತಾ ಬಂದವು. 1974ರಲ್ಲಿ ರಿಚರ್ಡ್ ಬ್ರಾಡಕ್ ಅನ್ನುವ ಅಮೆರಿಕದ ಸಂಶೋಧಕರು ಪತ್ರಿಕೆಗಳಲ್ಲಿ ಬಂದ 25 ಪ್ರಬಂಧಗಳನ್ನು ಬಿಡಿಸಿ ನೋಡಿದರು. ಮುಖ್ಯ ವಾಕ್ಯದಿಂದ ಶುರುವಾದ ಪ್ಯಾರಾಗಳು ನೂರಕ್ಕೆ ಸುಮಾರು 13 ಮಾತ್ರ. ನುರಿತ ಲೇಖಕರು ಅದನ್ನು ನಡುವೆ ಇಡುತ್ತಾರೆ, ಕೊನೆಗೆ ಇಡುತ್ತಾರೆ, ಕೆಲವು ಸಲ ಬರೆಯದೆಯೇ ಓದುಗರಿಗೆ ಮುಟ್ಟಿಸುತ್ತಾರೆ.

ಹಾಗಂತ ಕಲಿಯುವವರಿಗೆ ನಾನು ಬೇನ್ ಅವರ ಪಕ್ಷವನ್ನೇ ವಹಿಸುತ್ತೇನೆ. ಪ್ರಬಂಧ ಬರೆಯುವುದು ಒಂದು ವಾದವನ್ನು ಒಪ್ಪಿಸಲು. ಓದುವವರು ಕಟ್ಟು ಕಟ್ಟು ಓದುತ್ತಿರುತ್ತಾರೆ, ದಣಿದಿರುತ್ತಾರೆ. ಮಾತು ಮೊದಲೇ ಸಿಕ್ಕರೆ ಉಳಿದ ಸಾಲುಗಳನ್ನು ಎಲ್ಲಿ ಜೋಡಿಸಿಕೊಳ್ಳಬೇಕು ಅಂತ ಅವರಿಗೆ ತಿಳಿಯುತ್ತದೆ. ಮೊದಲ ವಾಕ್ಯ ದಾಟಿಸುವ ವಾಕ್ಯವಾಗಿದ್ದು ಎರಡನೆಯದು ಮುಖ್ಯವಾದರೂ ಸರಿಯೇ. ಒಂದು ಘಟನೆಯಿಂದ ಶುರು ಮಾಡಿ ಕೊನೆಯಲ್ಲಿ ಮಾತು ಬಿಚ್ಚುವ ಆಸೆಯಿದ್ದರೆ ಇಡೀ ಪ್ರಬಂಧದಲ್ಲಿ ಒಂದು ಪ್ಯಾರಾದಲ್ಲಿ ಮಾಡಿ ನೋಡಿ.

ಪ್ಯಾರಾ ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ ಅಂಕಿ ಕೊಡುವುದಿಲ್ಲ. ಮೊದಲ ವಾಕ್ಯ ಎಬ್ಬಿಸಿದ ಪ್ರಶ್ನೆಗೆ ಉತ್ತರ ಮುಗಿದಾಗ ಪ್ಯಾರಾ ಮುಗಿಯಿತು.

ಪರೀಕ್ಷೆಯಲ್ಲಿ, ಮತ್ತು ತಿದ್ದುವಾಗ

ಪ್ರಬಂಧಕ್ಕೆ 40 ನಿಮಿಷ ಇದ್ದರೆ ಮೊದಲ 6, 7 ನಿಮಿಷ ಪ್ರಬಂಧ ಬರೆಯಬೇಡಿ. ಕೊನೆಯ ಪುಟದಲ್ಲಿ ನಿಮ್ಮ ನಿಲುವು ಬರೆದು, ಅದರ ಕೆಳಗೆ ಮೂರು ಮುಖ್ಯ ವಾಕ್ಯ ಮಾತ್ರ ಬರೆಯಿರಿ. ಪ್ರತಿಯೊಂದರ ಪಕ್ಕ ಒಂದೊಂದು ಆಧಾರದ ಹೆಸರು. ಪಕ್ಕದವರು ಆಗಲೇ ಅರ್ಧ ಪುಟ ಬರೆದಿರುತ್ತಾರೆ, ಎದೆ ಡವಡವ ಅನ್ನುತ್ತದೆ, ಇರಲಿ. ಆ ಮೂರು ವಾಕ್ಯ ಇದ್ದರೆ ಮುಂದೆ ಎಲ್ಲೂ ಪೆನ್ನು ಬಾಯಲ್ಲಿಟ್ಟುಕೊಂಡು ಕೂರಬೇಕಾಗುವುದಿಲ್ಲ.

ಮನೆಯಲ್ಲಿ ಬರೆದದ್ದಾದರೆ ಒಂದು ರಾತ್ರಿ ಬಿಟ್ಟು ತಿದ್ದಿ. ಮೊದಲ ಸಾಲುಗಳನ್ನಷ್ಟೇ ಬೇರೆ ಹಾಳೆಗೆ ಒಂದರ ಕೆಳಗೊಂದು ಇಳಿಸಿ, ಜೋರಾಗಿ ಓದಿ. ಸಾಲುಗಳೇ ಒಂದು ಪುಟ್ಟ ವಾದದ ಹಾಗೆ ಕೇಳಿಸಬೇಕು. ಎರಡು ಸಾಲುಗಳನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ಆಗದಿದ್ದರೆ ಅವುಗಳ ನಡುವೆ ಬೆಸುಗೆಯಿಲ್ಲ. ಎರಡು ಸಾಲು ಒಂದೇ ಮಾತು ಹೇಳುತ್ತಿದ್ದರೆ ಆ ಎರಡು ಪ್ಯಾರಾ ಸೇರಿಸಿ. ಆಮೇಲೆ ಪ್ರತಿ ಪ್ಯಾರಾದ ಒಳಗಿನ ಪ್ರತಿ ವಾಕ್ಯವನ್ನೂ ಕೇಳಿ, ನೀನು ಮೇಲಿನ ಪ್ರಶ್ನೆಗೆ ಉತ್ತರವಾ ಅಂತ. ಅಲ್ಲ ಅಂದರೆ ತೆಗೆಯಿರಿ.

ತೆಗೆಯುವುದು ಕಷ್ಟ, ನನಗೆ ಗೊತ್ತು. ಡಾಲ್ಫಿನ್ ಸಾಲನ್ನು ಹೊಡೆಯುವಾಗ ಆ ಹುಡುಗಿಯ ಮುಖ ಚಿಕ್ಕದಾಯಿತು. ತಾನೇ ಹುಡುಕಿ ತಂದ ಸಂಗತಿ ಅದು. "ಕಳಕೋಬೇಡ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡು" ಅಂದೆ. ಹೋದ ವಾರ ಬಂದಾಗ ಆ ಪುಟ ತೆರೆದು ತೋರಿಸಿದಳು. "ಡಾಲ್ಫಿನ್‌ಗಳು ಅರ್ಧ ಮಿದುಳನ್ನು ಎಚ್ಚರವಾಗಿಟ್ಟುಕೊಂಡೇ ನಿದ್ದೆ ಮಾಡುತ್ತವೆ, ಯಾಕೆಂದರೆ ಪೂರ್ತಿ ಮಲಗಿದರೆ ಅವಕ್ಕೆ ಉಸಿರಾಡಲು ಆಗುವುದಿಲ್ಲ." ಅದರ ಕೆಳಗೆ, ನಾನು ಕೇಳುವ ಮೊದಲೇ, ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಳು: "ಯಾಕೆ ಆಗಲ್ಲ?"